ಟೊರಾಂಟೊಗೆ ಟ್ರೋಫಿ, ಡಿರೋಜನ್‌ಗೆ ಏನು?

ಒಂಬತ್ತು ವರ್ಷ ಒಂದೇ ತಂಡಕ್ಕೆ ಬೆವರು ಸುರಿಸಿದ್ದೀರಿ. ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ನಿಮ್ಮದೇ. ಒಂದು ದಿನ ಇದ್ದಕ್ಕಿದ್ದಂತೆ 'ನಿಮ್ಮನ್ನ ಬೇರೆ ತಂಡಕ್ಕೆ ಕೊಟ್ಟಿದ್ದೀವಿ' ಅಂದ್ರೆ ಹೇಗಿರುತ್ತೆ?

2018ರ ಜುಲೈನಲ್ಲಿ ಡಿಮಾರ್ ಡಿರೋಜನ್‌ಗೆ ಆಗಿದ್ದು ಇದೇ. ಎನ್‌ಬಿಎಯಲ್ಲಿ ಆಡುವ ಕೆನಡಾದ ಏಕೈಕ ತಂಡ ಟೊರಾಂಟೊ ರಾಪ್ಟರ್ಸ್, ಅವರನ್ನು ಸ್ಯಾನ್ ಆಂಟೋನಿಯೊಗೆ ಕಳಿಸಿ ಕವಾಯ್ ಲೆನಾರ್ಡ್‌ರನ್ನು ಕರೆತಂತು. ಲೆನಾರ್ಡ್ ದೊಡ್ಡ ಆಟಗಾರ, ನಿಜ. ಆದರೆ ಗಾಯದಿಂದಾಗಿ ಹಿಂದಿನ ಸೀಸನ್‌ನಲ್ಲಿ ಆಡಿದ್ದು ಒಂಬತ್ತೇ ಪಂದ್ಯ. ಮೇಲಾಗಿ ಒಂದು ವರ್ಷ ಕಳೆದರೆ ಬಿಟ್ಟು ಹೋಗಲು ಅವರು ಸ್ವತಂತ್ರರು.

ತಂಡದ ಅಧ್ಯಕ್ಷ ಮಸಾಯ್ ಉಜಿರಿ ಇಂಥ ಜೂಜಾಡಿದ್ದು ಯಾಕೆ? 2016ರಿಂದ ಸತತ ಮೂರು ವರ್ಷ ಪ್ಲೇಆಫ್‌ನಲ್ಲಿ ಲೆಬ್ರಾನ್ ಜೇಮ್ಸ್‌ರ ಕ್ಲೀವ್‌ಲ್ಯಾಂಡ್ ಎದುರು ಸೋತಿದ್ದೇ ಕಾರಣ. ಕೋಚ್ ಕೂಡ ಬದಲಾದರು. ಹೊಸಬ ನಿಕ್ ನರ್ಸ್‌ಗೆ ಎನ್‌ಬಿಎ ಮುಖ್ಯ ಕೋಚ್ ಆಗಿ ಅದೇ ಮೊದಲ ಸೀಸನ್.

ಲೆನಾರ್ಡ್‌ರನ್ನು ಜೋಪಾನವಾಗಿ ಬಳಸಿದರು. 82 ಪಂದ್ಯಗಳಲ್ಲಿ 60 ಮಾತ್ರ ಆಡಿಸಿದರು. ಅವರಿಲ್ಲದ 22 ಪಂದ್ಯಗಳಲ್ಲಿ ಉಳಿದವರು 17 ಗೆದ್ದರು! ಅಂದರೆ ಇದು ಒಬ್ಬನ ತಂಡ ಅಲ್ಲವೇ ಅಲ್ಲ.

2019ರ ಮೇ 12ರಂದು ಫಿಲಡೆಲ್ಫಿಯಾ ವಿರುದ್ಧ ಏಳನೇ ಪಂದ್ಯ. ಸ್ಕೋರ್ 90-90. ಕೊನೆಯ ಕ್ಷಣದಲ್ಲಿ ಲೆನಾರ್ಡ್ ಮೂಲೆಯಿಂದ ಎಸೆದ ಚೆಂಡು ರಿಂಗ್ ಮೇಲೆ ಒಂದು, ಎರಡು, ಮೂರು, ನಾಲ್ಕು ಸಲ ಪುಟಿದು ಒಳಗೆ ಬಿತ್ತು. ಆ ವಿಡಿಯೊ ನೋಡಿಲ್ಲದಿದ್ದರೆ ಇವತ್ತೇ ನೋಡಿ. ಮುಂದಿನ ಸರಣಿಯಲ್ಲಿ ಮಿಲ್ವಾಕಿ ಎದುರು 0-2 ಹಿಂದಿದ್ದವರು ಸತತ ನಾಲ್ಕು ಗೆದ್ದರು.

ಫೈನಲ್‌ನಲ್ಲಿ ಎದುರಾಳಿ ಹಾಲಿ ಚಾಂಪಿಯನ್ ಗೋಲ್ಡನ್ ಸ್ಟೇಟ್. ಕೆವಿನ್ ಡ್ಯುರಾಂಟ್, ಕ್ಲೇ ಥಾಮ್ಸನ್ ಇಬ್ಬರೂ ಗಾಯಗೊಂಡರು. ಅದೃಷ್ಟವೂ ಇತ್ತು ಬಿಡಿ. ಜೂನ್ 13ರ ಆರನೇ ಪಂದ್ಯದಲ್ಲಿ 114-110. ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಫ್ರೆಡ್ ವ್ಯಾನ್‌ವ್ಲೀಟ್ ಕೊನೆಯ ಕ್ವಾರ್ಟರ್‌ನಲ್ಲೇ 12 ಅಂಕ ಬಾರಿಸಿದರು. 1995ರಲ್ಲಿ ಶುರುವಾದ ತಂಡಕ್ಕೆ ಮೊದಲ ಪಟ್ಟ. ಅಮೆರಿಕದ ಹೊರಗಿನ ತಂಡವೊಂದು ಎನ್‌ಬಿಎ ಗೆದ್ದಿದ್ದೂ ಅದೇ ಮೊದಲು.

ಚಾಂಪಿಯನ್ನರಿಗೆ ಉಂಗುರ ಕೊಡೋದು ಅಲ್ಲಿನ ಪದ್ಧತಿ. ಮೊದಲ ಸೀಸನ್‌ನಿಂದ ತವರಿನ ಪಂದ್ಯಗಳಿಗೆಲ್ಲ ಬರುತ್ತಿದ್ದ, ಭಾರತದಿಂದ ವಲಸೆ ಹೋದ ಅಭಿಮಾನಿ ನವ್ ಭಾಟಿಯಾಗೂ ಒಂದು ಸಿಕ್ಕಿತು. ಲೆನಾರ್ಡ್ ಅದೇ ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಸೇರಿದರು. ಡಿರೋಜನ್‌ಗೆ ಉಂಗುರ ಇಲ್ಲ.

ನಮ್ಮ ಆಫೀಸ್‌ಗಳಲ್ಲೂ ಹೀಗೇ ಅಲ್ವಾ? ಪ್ರಾಜೆಕ್ಟ್ ಕಟ್ಟಿದವರು ಒಬ್ಬರು, ರಿಲೀಸ್ ದಿನ ಕೇಕ್ ಕತ್ತರಿಸೋರು ಇನ್ನೊಬ್ಬರು. ಉಜಿರಿ ತೀರ್ಮಾನ ತಪ್ಪು ಅಂತ ನಾನು ಹೇಳಲ್ಲ, ಟ್ರೋಫಿ ಎದುರಿಗಿದೆ. ಆದರೆ ಲೆನಾರ್ಡ್‌ಗೆ ಬದಲಾಗಿ ಕೊಡಲು ಟೊರಾಂಟೊ ಬಳಿ ಡಿರೋಜನ್‌ರಂಥ ಆಟಗಾರ ಇದ್ದರಲ್ಲ, ಆ ಗೆಲುವಿನ ಲೆಕ್ಕ ಶುರುವಾಗೋದೇ ಅಲ್ಲಿಂದ.