ಎಕ್ಸ್‌ಪಿ ಹಾಕಿದರೆ ಕನ್ನಡ ಬರುವುದಿಲ್ಲ

ಕಳಸ, ಬಾಳೆಹೊಳೆ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಒಂದು ನಂಬಿಕೆ ಬೇರು ಬಿಟ್ಟು ಕೂತಿದೆ. ಇಪ್ಪತ್ತು ವರ್ಷದ ಹಿಂದೆ ಟೈಪು ಮಾಡಿದ ಕನ್ನಡ ಫೈಲನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಅಕ್ಷರದ ಬದಲು ಪೌಂಡಿನ ಗುರುತು, ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದಕ್ಕೆ ಮದ್ದು ಹಳೆಯ ವಿಂಡೋಸ್ ಎಂದು ಯಾರೋ ಹೇಳುತ್ತಾರೆ. ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿ ಅದರೊಳಗೆ ಎಕ್ಸ್‌ಪಿ ಹಾಕಿ ಫೈಲನ್ನು ಅಲ್ಲಿಗೆ ಒಯ್ದರೆ ಕನ್ನಡ ತಾನಾಗಿ ಬರುತ್ತದಂತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು ಜನ ಹೊಸ ಯಂತ್ರಕ್ಕೆ ಹೋಗುತ್ತಿರುವಾಗ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ.

ಬರುವುದಿಲ್ಲ. ಎಕ್ಸ್‌ಪಿ ಹಾಕಿ, 98 ಹಾಕಿ, ಅದೇ ಗೀಟು ಚುಕ್ಕಿಗಳು ಅಲ್ಲೂ ಕಾಣುತ್ತವೆ. ಒಂದು ಇಡೀ ಭಾನುವಾರ ಕೂತು ಎಕ್ಸ್‌ಪಿ ಹಾಕಿಸಿಕೊಂಡವರು ಕೊನೆಗೆ "ಫೈಲೇ ಹಾಳಾಗಿದೆ ಮಾರಾಯ್ರೆ" ಎಂದು ತೀರ್ಮಾನಿಸಿ ಡಿಲೀಟ್ ಮಾಡುತ್ತಾರಲ್ಲ, ನನಗೆ ತಡೆಯಲಾಗದ್ದು ಅದು. ಫೈಲಿನ ಒಂದು ಅಕ್ಷರವೂ ಕೆಟ್ಟಿರುವುದಿಲ್ಲ.

1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಪುಣೆಯ 'ಶ್ರೀಲಿಪಿ', ಡಿಟಿಪಿ ಅಂಗಡಿಗಳ 'ಪ್ರಕಾಶಕ್' ಇವೆಲ್ಲ ಬಂದ ಕಾಲದಲ್ಲಿ ವಿಂಡೋಸಿಗೆ ಕನ್ನಡ ಎಂಬುದೊಂದು ಲಿಪಿ ಇದೆಯೆಂದೇ ಗೊತ್ತಿರಲಿಲ್ಲ. ಹಾಗಾಗಿ ಇವನ್ನು ಮಾಡಿದವರು ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದರು. ನುಡಿಯಲ್ಲಿ 'ಕನ್ನಡ' ಎಂದು ಟೈಪು ಮಾಡಿ ಉಳಿಸಿ ನೋಡಿ. ಫೈಲಿನೊಳಗೆ ಸೇರುವುದು ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿನ ಎ, ಪೌಂಡಿನ ಗುರುತು, ಮತ್ತದೇ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಮ್ಮೆ ಅದೇ ಎ. ಒಟ್ಟು ಏಳು ಸಂಕೇತ. ನುಡಿಯ ಫಾಂಟಿನಲ್ಲಿ ಪಿ ಇರಬೇಕಾದ ಕಡೆ ಕಕಾರದ ಮೈ ಇದೆ, ಗೀಟಿನ ಎ ಇರಬೇಕಾದ ಕಡೆ ತಲೆಕಟ್ಟು ಇದೆ, ಜೋಡಿ ಎಸ್ ಕಡೆ ನಕಾರದ ಒತ್ತು ಇದೆ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಪಿ, ಪೌಂಡು, ಕ್ಯೂ. ಇದರಲ್ಲಿ ವಿಂಡೋಸಿನ ಪಾತ್ರ ಏನೂ ಇಲ್ಲ. ಅಜ್ಜ ಬರೆದಿಟ್ಟ ಕಾಗದ ಓದಲು ಅಜ್ಜನ ಕಾಲದ ಮನೆಯನ್ನೇ ಮತ್ತೆ ಕಟ್ಟಬೇಕಿಲ್ಲ, ಕನ್ನಡಕ ಸಿಕ್ಕರೆ ಸಾಕು.

ಎಕ್ಸ್‌ಪಿ ವಿಷಯದಲ್ಲಂತೂ ಈ ನಂಬಿಕೆ ಪೂರ್ತಿ ತಲೆಕೆಳಗು. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿಯೇ ಯೂನಿಕೋಡ್ ಕನ್ನಡವನ್ನು, ಅಂದರೆ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಕನ್ನಡವನ್ನು, 'ತುಂಗಾ' ಎಂಬ ಫಾಂಟಿನ ಜೊತೆ, ವಿಂಡೋಸಿನೊಳಗೆ ತಂದದ್ದು ನಿಜ. ಆದರೆ ಆ ಸೌಲಭ್ಯ ಮೊದಲಿಗೆ ಮುಚ್ಚಿಯೇ ಇರುತ್ತಿತ್ತು. ಕಂಟ್ರೋಲ್ ಪ್ಯಾನೆಲಿನ ಭಾಷೆಯ ಪುಟದಲ್ಲಿ ಸಂಕೀರ್ಣ ಲಿಪಿಗಳ ಮುಂದಿನ ಚೌಕಕ್ಕೆ ಗುರುತು ಹಾಕಿ, ಎಕ್ಸ್‌ಪಿಯ ಸಿಡಿಯನ್ನು ಮತ್ತೊಮ್ಮೆ ಕೊಡಬೇಕಿತ್ತು. ಅದು ಮೊದಲಿನಿಂದಲೇ ತೆರೆದು ಬಂದದ್ದು 2007ರ ವಿಸ್ಟಾದಲ್ಲಿ. ಈಗ ವರ್ಚುವಲ್ ಮಷಿನ್ನಿನಲ್ಲಿ ಹೊಸದಾಗಿ ಎಕ್ಸ್‌ಪಿ ಹಾಕುವವರಲ್ಲಿ ಈ ಚೌಕ ಯಾರಿಗೆ ನೆನಪಿದೆ? ಹಳೆಯ ನುಡಿ ಫೈಲು ಹಾಗೇ ಉಳಿಯುತ್ತದೆ, ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಯೂನಿಕೋಡ್ ಕನ್ನಡವೂ ಅಲ್ಲಿ ಒಡೆದು ಹೋಗುತ್ತದೆ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಅದಕ್ಕೂ ಕಾರಣ ಇದೆ. ಕೆಲವರು ಹೊಸದಾಗಿ ಎಕ್ಸ್‌ಪಿ ಹಾಕದೆ, ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನೇ ಇಡಿಯಾಗಿ ನಕಲು ಮಾಡಿ ವರ್ಚುವಲ್ ಮಷಿನ್ ಮಾಡಿಕೊಂಡರು. ಎಕ್ಸ್‌ಪಿ ಇನ್ನೂ ಏಳುತ್ತಿರುವ ಯಂತ್ರದಲ್ಲಿ 'ಡಿಸ್ಕ್2ವಿಎಚ್‌ಡಿ' ಎಂಬ ಪುಟ್ಟ ಉಪಕರಣದ ಹಳೆಯ ಆವೃತ್ತಿ ಓಡಿಸಿದರೆ ಈ ಕೆಲಸ ಆಗುತ್ತದೆ. ಅಲ್ಲಿ ಕನ್ನಡ ಕಂಡಿತು. ಕಾಣದೆ ಏನು, 2004ರಲ್ಲೋ 2005ರಲ್ಲೋ ಯಾರೋ ಆ ಯಂತ್ರಕ್ಕೆ ನುಡಿ ಹಾಕಿದ್ದರು, ಡಿಸ್ಕಿನ ಜೊತೆ ಫಾಂಟೂ ಬಂತು. ನೋಡಿದವರು ಶ್ರೇಯಸ್ಸನ್ನು ಎಕ್ಸ್‌ಪಿಗೆ ಕೊಟ್ಟರು. ಬಾಯಿಂದ ಬಾಯಿಗೆ ಬರುವಾಗ ಹಳೆಯ ಡಿಸ್ಕಿನ ಮಾತು ಬಿಟ್ಟುಹೋಗಿ ಎಕ್ಸ್‌ಪಿ ಮಾತ್ರ ಉಳಿಯಿತು.

ಮಾಡಬೇಕಾದ ಕೆಲಸ ಐದು ನಿಮಿಷದ್ದು. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ ಫಾಂಟುಗಳ ಫೈಲು ತನ್ನಿ. ಹೊಸ ಲ್ಯಾಪ್‌ಟಾಪಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಮಾಡಿ. ವಿಂಡೋಸ್ 11 ಆಗಲಿ, ಉಬುಂಟು ಆಗಲಿ ಆ ಫಾಂಟನ್ನು ಬೇಡ ಎನ್ನುವುದಿಲ್ಲ. ಫೈಲಿನಲ್ಲಿ ಬಳಸಿದ ಫಾಂಟೇ ಬೇಕು ಎಂಬುದಷ್ಟೇ ಕಟ್ಟಳೆ. ಶ್ರೀಲಿಪಿಯ ಸಂಕೇತ ಬೇರೆ, ನುಡಿಯದು ಬೇರೆ, ಒಂದರ ಫೈಲಿಗೆ ಇನ್ನೊಂದರ ಫಾಂಟು ಕೊಟ್ಟರೆ ಕನ್ನಡದ್ದೇ ಅಕ್ಷರಗಳು ಅರ್ಥವಿಲ್ಲದೆ ಕಾಣುತ್ತವೆ. ಬರಹ ತನ್ನದೇ ಬಗೆಯಲ್ಲಿ ಉಳಿಸಿದ ಫೈಲಾದರೆ ಬರಹ ತಂತ್ರಾಂಶ ಬೇಕು, ಅದು ಇಂದಿನ ವಿಂಡೋಸಿನಲ್ಲೂ ಓಡುತ್ತದೆ.

ಓದಲು ಬಂದರೆ ಸಾಲದು, ಯೂನಿಕೋಡಿಗೆ ಬದಲಿಸಿಡಬೇಕು. ಆಗಲೇ ಹುಡುಕಿದರೆ ಸಿಗುವುದು, ಮೊಬೈಲಿನಲ್ಲೂ ಕಾಣುವುದು. ಬದಲಿಸುವ ಉಪಕರಣ ಬರಹದಲ್ಲೂ ಇದೆ, ನುಡಿಯಲ್ಲೂ ಇದೆ, ಮುಕ್ತ ತಂತ್ರಾಂಶವಾಗಿಯೂ ಸಿಗುತ್ತದೆ. ಆದರೆ ಬದಲಿಸಿದ್ದನ್ನು ಕಣ್ಣಿಟ್ಟು ಓದಬೇಕು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ಬಲಕ್ಕೆ ಕಾಣುವ ಹಾಗೇ ಅಕ್ಷರದ ನಂತರ ದಾಖಲಾಗುತ್ತದೆ. ಯೂನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಇದು ತಿಳಿಯದ ಪರಿವರ್ತಕ 'ವರ್ಷ'ವನ್ನು 'ವಷರ್' ಮಾಡುತ್ತದೆ, 'ಕಾರ್ಯಕ್ರಮ'ವನ್ನು 'ಕಾಯರ್ಕ್ರಮ' ಮಾಡುತ್ತದೆ. ಇಂಥವನ್ನು ನೀವು ಎಷ್ಟೋ ಕಡೆ ಓದಿದ್ದೀರಿ. ನಡುವೆ ಇಂಗ್ಲಿಷ್ ಮಾತು ಇದ್ದರೆ ಇನ್ನೂ ತೊಡಕು. ಇಂಗ್ಲಿಷಿನ ಪಿ ಯಾವುದು, ಕಕಾರದ ಮೈಯಾದ ಪಿ ಯಾವುದು ಎಂದು ಬರೀ ಪಠ್ಯ ನೋಡಿ ಯಂತ್ರಕ್ಕೆ ತಿಳಿಯದು. ಫಾಂಟಿನ ಹೆಸರು ಉಳಿದಿರುವ ಮೂಲ ಫೈಲಿನಿಂದಲೇ ಬದಲಿಸಿದರೆ ಕೆಲಸ ಹಗುರ.

ಇಷ್ಟು ಹೇಳಲು ಕಾರಣ ಇದೆ. ಕುದುರೆಮುಖದ ಗಣಿ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಎಕ್ಸ್‌ಪಿ, ನುಡಿ, ಬರಹಗಳೆಲ್ಲ ಭರದಲ್ಲಿದ್ದ ಕಾಲ ಅದು. ಗಣಿಯ ಟೌನ್‌ಶಿಪ್ ಬಿಟ್ಟು ಹೋದವರ ಬಳಿ, ಸುತ್ತಲಿನ ತೋಟಗಳಲ್ಲಿ, ದೇವಸ್ಥಾನ ಸಮಿತಿಗಳಲ್ಲಿ, ಸಹಕಾರ ಸಂಘಗಳಲ್ಲಿ ಆ ವರ್ಷಗಳ ಕನ್ನಡ ಏನಾದರೂ ಉಳಿದಿದ್ದರೆ ಅದು ಈ ಫಾಂಟುಗಳಲ್ಲೇ ಇದೆ. ಮನವಿ ಪತ್ರ, ನಿರ್ಣಯ, ಸ್ಮರಣ ಸಂಚಿಕೆಯ ಲೇಖನ, ಯಾರದೋ ಅಪ್ಪ ಬರೆದ ನೆನಪು. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಇದ್ದುಕೊಂಡೇ ಕನ್ನಡಕ್ಕೆ ಸರಿಯಾದ ತಂತ್ರಾಂಶ ಬೇಕೆಂದು ಹಟ ಹಿಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. ಅದೇ ಮೂಡಿಗೆರೆ ತಾಲ್ಲೂಕಿನಲ್ಲಿ ಒಳ್ಳೆಯ ಕನ್ನಡ ಫೈಲುಗಳು ಒಂದು ಫಾಂಟು ಇಲ್ಲವೆಂದು ಕಸದ ಬುಟ್ಟಿಗೆ ಹೋಗುವುದನ್ನು ಹೇಗೆ ಸಹಿಸುವುದು?

ವರ್ಚುವಲ್ ಮಷಿನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ಫೈಲನ್ನು ತೆರೆಯಬಲ್ಲ ಕೊನೆಯ ಇನ್‌ಡಿಸೈನ್ ಸಿಎಸ್6. ಅಂಥ ಕಡೆ ಎಕ್ಸ್‌ಪಿ ಹಾಕಿ, ಪೇಜ್‌ಮೇಕರ್ ಹಾಕಿ, ಮರೆಯದೆ ಫಾಂಟೂ ಹಾಕಿ, ಪಠ್ಯವನ್ನು ಹೊರತೆಗೆಯಿರಿ. ತೋಟದ ಆಫೀಸಿನಲ್ಲಿ ರೈಟರು ಚೆಕ್‌ರೋಲ್ ಹಾಕುತ್ತಿದ್ದ ಡಾಸ್ ಪ್ರೋಗ್ರಾಂ ಇದ್ದರೂ ಹಾಗೆಯೇ. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ, ವಿಂಡೋಸ್ 11 ಬಂದಿರುವುದೇ 64 ಬಿಟ್ಟಿನಲ್ಲಿ. ಆದರೆ ಪ್ರೋಗ್ರಾಂ ಬೇಡ, ಹಳೆಯ ಹಾಜರಿ ಮತ್ತು ಸಂಬಳದ ಲೆಕ್ಕ ನೋಡಿದರೆ ಸಾಕು ಎನ್ನುವವರಿಗೆ ಅದೂ ಬೇಕಿಲ್ಲ. ಆ ಲೆಕ್ಕ ಫಾಕ್ಸ್‌ಪ್ರೋದಲ್ಲಿದ್ದರೆ ಅದರ ಡಿಬಿಎಫ್ ಫೈಲನ್ನು ಲಿಬ್ರೆಆಫೀಸ್ ನೇರವಾಗಿ ತೆರೆಯುತ್ತದೆ.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಎಕ್ಸ್‌ಪಿ ಈಗ ಪುಕ್ಕಟೆ ಎನ್ನುತ್ತಾರೆ. 2014ರ ಏಪ್ರಿಲ್ 8ಕ್ಕೆ ನಿಂತದ್ದು ಬೆಂಬಲ, ಪರವಾನಗಿ ಹಾಗೇ ಇದೆ. ಮೆಮೊರಿ ಹೆಚ್ಚು ಕೊಟ್ಟರೆ ವಿಂಡೋಸ್ 98 ಹಾರುತ್ತದೆ ಎನ್ನುತ್ತಾರೆ. ಒಂದು ಜಿಬಿ ಕೊಟ್ಟು ನೋಡಿ, ಏಳುವುದೇ ಕಷ್ಟ. ಎಕ್ಸ್‌ಪಿ ಹಾಕುವಾಗ ನೀಲಿ ಪರದೆ ಬಂದರೆ ಲ್ಯಾಪ್‌ಟಾಪ್ ಕೆಟ್ಟಿತು ಎನ್ನುತ್ತಾರೆ. ಎಕ್ಸ್‌ಪಿಗೆ ಸಾಟಾ ಡಿಸ್ಕಿನ ಪರಿಚಯ ಇಲ್ಲ, ವರ್ಚುವಲ್ ಮಷಿನ್ನಿನ ಸೆಟ್ಟಿಂಗಿನಲ್ಲಿ ಐಡಿಇ ಆರಿಸಿ. ವರ್ಚುವಲ್ ಮಷಿನ್ ಏಳದಿದ್ದರೆ ಹೊಸ ಮದರ್‌ಬೋರ್ಡ್ ಬೇಕು ಎನ್ನುವವರೂ ಇದ್ದಾರೆ. ಮೊದಲು ಬಯೋಸಿಗೆ ಹೋಗಿ ವರ್ಚುವಲೈಸೇಶನ್ ಆನ್ ಮಾಡಿ.

ಒಂದನ್ನು ಮಾತ್ರ ಹೀಗೆ ದಾಟಿಸಲಾರೆ. ವರ್ಚುವಲ್ ಮಷಿನ್ನಿನ ಒಳಗೆ ಏನಾದರೂ ಹೊರಗೆ ಬರುವುದಿಲ್ಲ, ಎಕ್ಸ್‌ಪಿಗೆ ಧಾರಾಳವಾಗಿ ಇಂಟರ್ನೆಟ್ ಕೊಡಬಹುದು ಎಂಬ ಮಾತು ಅಪಾಯದ್ದು. ಫೈಲು ಒಳಗೆ ಹೊರಗೆ ಸಾಗಿಸಲೆಂದು ಹಂಚಿದ ಫೋಲ್ಡರ್ ಇಟ್ಟಿರುತ್ತೀರಿ. ಒಳಗಿನ ಎಕ್ಸ್‌ಪಿಗೆ ರ‍್ಯಾನ್ಸಂವೇರ್ ಹೊಕ್ಕರೆ ಆ ಫೋಲ್ಡರಿನಲ್ಲಿರುವ ನಿಮ್ಮ ಇಂದಿನ ಫೈಲುಗಳಿಗೂ ಬೀಗ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಇಂಥದ್ದೊಂದು ಹರಡಿದಾಗ ಮೈಕ್ರೋಸಾಫ್ಟ್ ಬೆಂಬಲ ಮುಗಿದ ಎಕ್ಸ್‌ಪಿಗೂ ತೇಪೆ ಕೊಡಬೇಕಾಯಿತು. ಗೋಡೆಯೇ ಒಡೆದ ಉದಾಹರಣೆಯೂ ಇದೆ. 2015ರಲ್ಲಿ ಬಯಲಾದ 'ವೆನಮ್' ದೋಷ ಕ್ಯೂಎಮು ಎಂಬ ವರ್ಚುವಲ್ ಮಷಿನ್ ತಂತ್ರಾಂಶದ ಫ್ಲಾಪಿ ನಿಯಂತ್ರಕದಲ್ಲಿತ್ತು, ಒಳಗಿನಿಂದ ಹೊರಗಿನ ಯಂತ್ರಕ್ಕೆ ದಾರಿ ಮಾಡಿಕೊಡುವಂಥದ್ದು. ಫ್ಲಾಪಿಯನ್ನು ಯಾರೂ ಬಳಸದ ಕಾಲದಲ್ಲೂ ಆ ಹಳೆಯ ಕೋಡು ಅಲ್ಲೇ ಕೂತಿತ್ತು. ಅಷ್ಟಕ್ಕೂ ಎಕ್ಸ್‌ಪಿಯ ಎಕ್ಸ್‌ಪ್ಲೋರರಿನಲ್ಲಿ ಇಂದಿನ ಹೆಚ್ಚಿನ ಜಾಲತಾಣಗಳು ತೆರೆಯುವುದೇ ಇಲ್ಲ. ನೆಟ್‌ವರ್ಕ್ ತೆಗೆದುಹಾಕಿ, ಫೋಲ್ಡರನ್ನು ಬೇಕಾದಾಗ ಮಾತ್ರ ಹಂಚಿ.

ನಮ್ಮ ಬೆಳೆಗಾರರು ಯಾವುದನ್ನೂ ಸುಮ್ಮನೆ ನಂಬುವವರಲ್ಲ. ವ್ಯಾಪಾರಿ ಹೇಳಿದ ಕಾಫಿಯ ಔಟ್‌ಟರ್ನ್ ಒಪ್ಪದೆ ಎದುರಿಗೇ ಸ್ಯಾಂಪಲ್ ತೆಗೆಸುತ್ತಾರೆ, ತೇವಾಂಶ ತಾವೇ ಅಳೆದು ನೋಡುತ್ತಾರೆ, ಮಳೆಯನ್ನು ದಿನದಿನ ಇಂಚಿನಲ್ಲಿ ಬರೆದಿಡುತ್ತಾರೆ. ಅಂಥವರು ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಯಾರು ಏನು ಹೇಳಿದರೂ ತಲೆಯಾಡಿಸುತ್ತಾರೆ. ಫಾರ್ಮ್ಯಾಟ್ ಮಾಡಬೇಕು ಎಂದರೆ ಸರಿ, ಫೈಲು ಹೋಯಿತು ಎಂದರೆ ಸರಿ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಪೆನ್‌ಡ್ರೈವಿನಿಂದ, ಒಳಗೆ ಏನೇನು ತುಂಬಿದ್ದಾರೋ ತಿಳಿಯದ ಕ್ರ್ಯಾಕ್ ಮಾಡಿದ ಎಕ್ಸ್‌ಪಿಯನ್ನು ಹಾಕಿಸಿಕೊಂಡು ದುಡ್ಡು ಕೊಟ್ಟು ಕಳಿಸುತ್ತಾರೆ. "ಯಾಕೆ ಹೀಗೆ ಕಾಣುತ್ತಿದೆ?" ಎಂದು ಒಂದು ಪ್ರಶ್ನೆ ಕೇಳಿದ್ದರೆ, ಅದಕ್ಕೆ ಬಂದ ಉತ್ತರವನ್ನು ಇನ್ನೊಬ್ಬರ ಹತ್ತಿರ ಒರೆಗೆ ಹಚ್ಚಿದ್ದರೆ, ಎಷ್ಟೋ ಫೈಲುಗಳು ಇವತ್ತು ಉಳಿದಿರುತ್ತಿದ್ದವು. ತೋಟದ ವಿಷಯದಲ್ಲಿ ಇರುವ ಅನುಮಾನ ಇಲ್ಲೂ ಬೇಕು.

ನಿಜವಾಗಿ ಹೆದರಬೇಕಾದದ್ದು ಬೇರೆ. ಮಳೆ ನೂರು ಇಂಚು ದಾಟುವ ಊರು ನಮ್ಮದು. ಸಿಡಿಗೆ ಬೂಷ್ಟು ಹಿಡಿಯುತ್ತದೆ, ಫ್ಲಾಪಿಗೂ ಹಿಡಿಯುತ್ತದೆ, ಅಟ್ಟದ ಹಾರ್ಡ್ ಡಿಸ್ಕ್ ಯಾವ ದಿನ ಏಳುವುದಿಲ್ಲವೋ ಹೇಳಲಾಗದು. ಮೊದಲು ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ, ಫಾಂಟ್ಸ್ ಫೋಲ್ಡರನ್ನೂ ಸೇರಿಸಿ, ಎರಡು ಬೇರೆ ಬೇರೆ ಕಡೆ ನಕಲು ಮಾಡಿ. ವರ್ಚುವಲ್ ಮಷಿನ್ನಿನೊಳಗೆ ಇಟ್ಟದ್ದು ಆ ಎರಡರಲ್ಲಿ ಒಂದೆಂದು ಎಣಿಸಬೇಡಿ, ಲ್ಯಾಪ್‌ಟಾಪಿನ ಡಿಸ್ಕ್ ಹೋದರೆ ಅದೂ ಹೋಗುತ್ತದೆ. ಓದುವುದು, ಬದಲಿಸುವುದು, ಬೇಕಿದ್ದರೆ ಎಕ್ಸ್‌ಪಿ ಹಾಕುವುದು ಎಲ್ಲ ಮಳೆಗಾಲದಲ್ಲಿ ಕೂತು ಮಾಡಬಹುದು. ನಕಲು ಮಾತ್ರ ಮಳೆ ಹಿಡಿಯುವ ಮೊದಲೇ ಮುಗಿಯಲಿ.