ಆಹಾರದ ಕಾರ್ಖಾನೆಯೊಳಗೆ ಕ್ಯಾಮೆರಾ

ಅಮೆರಿಕದ ಅಂಗಡಿಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳ ಪೊಟ್ಟಣಗಳ ಮೇಲೆ ಹಸುರು ಹುಲ್ಲುಗಾವಲು, ಕೆಂಪು ಬಣ್ಣದ ಕೊಟ್ಟಿಗೆ ಮೊದಲಾದ ಚಿತ್ರಗಳು ಅಚ್ಚಾಗಿರುತ್ತವೆ. ಆದರೆ ಆ ಪದಾರ್ಥಗಳಲ್ಲಿ ಬಹುಪಾಲು ಅಂತಹ ಹೊಲಮನೆಗಳಿಂದ ಬಂದವಲ್ಲ. ಚಿತ್ರಕ್ಕೂ ವಸ್ತುಸ್ಥಿತಿಗೂ ನಡುವಣ ಈ ಅಂತರವನ್ನು ತೋರಿಸುತ್ತಲೇ ರಾಬರ್ಟ್ ಕೆನರ್ ಅವರ ‘ಫುಡ್, ಇಂಕ್.’ ಎಂಬ ಸಾಕ್ಷ್ಯಚಿತ್ರವು (2008) ಆರಂಭವಾಗುತ್ತದೆ.

ಅಂಗಳದಲ್ಲಿ ಕೆದಕಿ ತಿನ್ನುತ್ತಿದ್ದ ಕೋಳಿಯು ರೈತನ ಸ್ವತ್ತಾಗಿತ್ತು. ಕೈಗಾರಿಕಾ ಪದ್ಧತಿಯಲ್ಲಿ ಮರಿಗಳು ಕಂಪನಿಯವು, ಮೇವೂ ಕಂಪನಿಯದು; ಕೋಳಿಮನೆ ಮತ್ತು ಅದನ್ನು ಕಟ್ಟಲು ತಂದ ಸಾಲ ಮಾತ್ರ ರೈತನವು! ಒಂದೇ ಸೂರಿನಡಿ ಸಾವಿರಾರು ಕೋಳಿಗಳು ಕಿಕ್ಕಿರಿದಿರುತ್ತವೆ. ಆಯ್ದ ತಳಿ ಮತ್ತು ಪುಷ್ಟಿಕರ ಮೇವಿನ ಫಲವಾಗಿ ಅವು ಸುಮಾರು ಏಳು ವಾರಗಳಲ್ಲಿಯೇ ಮಾರಾಟಕ್ಕೆ ಸಿದ್ಧವಾಗುತ್ತವೆ. ಇದರಿಂದ ಮಾಂಸವು ಅಗ್ಗವಾದುದು ನಿಜ. ಆದರೆ ಮೈ ಬೆಳೆದ ವೇಗಕ್ಕೆ ಮೂಳೆಗಳು ಬೆಳೆಯಲಾರದೆ, ಕೆಲವು ಕೋಳಿಗಳು ನಾಲ್ಕು ಹೆಜ್ಜೆಯಿಟ್ಟೊಡನೆ ಕುಸಿದು ಬೀಳುತ್ತವೆ.

ಇದನ್ನು ತೋರಿಸಲು ಹೆಚ್ಚಿನ ಸಾಕಣೆದಾರರು ಒಪ್ಪಲಿಲ್ಲ. ಮೇರಿಲೆಂಡ್ ರಾಜ್ಯದ ರೈತ ಮಹಿಳೆಯೊಬ್ಬರು ಮಾತ್ರ ಧೈರ್ಯದಿಂದ ಬಾಗಿಲು ತೆರೆದರು. ಕಿಟಕಿಗಳಿಲ್ಲದ ಹೊಸ ಬಗೆಯ ಕೋಳಿಮನೆಗೆ ಬದಲಾಗಲು ಅವರು ಒಪ್ಪದಿದ್ದುದರಿಂದ ಕಂಪನಿಯು ತನ್ನ ಒಪ್ಪಂದವನ್ನು ಕೊನೆಗೊಳಿಸಿತೆಂದು ಚಿತ್ರವು ತಿಳಿಸುತ್ತದೆ.

ಆಸ್ಟ್ರಿಯ ದೇಶದ ನಿಕೋಲಾಸ್ ಗೈರ್‌ಹಾಲ್ಟರ್ ಅವರು 2005ರಲ್ಲಿ ಇದೇ ವಿಷಯವನ್ನು ಬೇರೊಂದು ರೀತಿಯಲ್ಲಿ ನಿರೂಪಿಸಿದ್ದರು. ‘ನಮ್ಮ ದಿನದ ರೊಟ್ಟಿ’ ಎಂಬರ್ಥದ ಹೆಸರುಳ್ಳ ಅವರ ಚಿತ್ರದಲ್ಲಿ ವಿವರಣೆಯಿಲ್ಲ, ಸಂಗೀತವಿಲ್ಲ, ಸಂದರ್ಶನವೂ ಇಲ್ಲ. ಕೋಳಿಮರಿಗಳು ಯಂತ್ರದ ಪಟ್ಟಿಯ ಮೇಲೆ ಸರಕಿನಂತೆ ಸಾಗಿ ಬರುತ್ತವೆ. ನಡುನಡುವೆ ಕೆಲಸಗಾರರು ಮಾತಿಲ್ಲದೆ ಕುಳಿತು ತಮ್ಮ ಬುತ್ತಿಯನ್ನು ಉಣ್ಣುತ್ತಾರೆ. ಎಷ್ಟೋ ವಾದಗಳಿಗಿಂತ ಈ ಮೌನವೇ ಪ್ರೇಕ್ಷಕನ ಮನಸ್ಸನ್ನು ಹೆಚ್ಚು ಕಲಕುತ್ತದೆ.

ಇಂತಹ ಚಿತ್ರೀಕರಣವನ್ನೇ ಅಪರಾಧವಾಗಿಸುವ ಯತ್ನಗಳೂ ನಡೆದವು. ಅಮೆರಿಕದ ಐಡಹೊ ರಾಜ್ಯದ ಹೈನುಶಾಲೆಯೊಂದರಲ್ಲಿ ಹಸುಗಳನ್ನು ಹೊಡೆಯುತ್ತಿದ್ದ ದೃಶ್ಯಗಳು 2012ರಲ್ಲಿ ಬಹಿರಂಗವಾದವು. 2014ರಲ್ಲಿ ಆ ರಾಜ್ಯವು ಒಂದು ಶಾಸನವನ್ನು ಮಾಡಿತು. ಅದರಂತೆ, ಮಾಲೀಕರ ಒಪ್ಪಿಗೆಯಿಲ್ಲದೆ ಅಂತಹ ಸ್ಥಳಗಳಲ್ಲಿ ನಡೆಯುವ ಕಾರ್ಯಗಳನ್ನು ಚಿತ್ರೀಕರಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಮರುವರ್ಷ ನ್ಯಾಯಾಲಯವು ಇದನ್ನು ರದ್ದುಗೊಳಿಸಿತು. 2018ರಲ್ಲಿ ಮೇಲ್ಮನವಿಯನ್ನು ಆಲಿಸಿದ ನ್ಯಾಯಾಲಯವು ಶಾಸನದ ಕೆಲವು ಅಂಶಗಳನ್ನು ಉಳಿಸಿದರೂ, ಚಿತ್ರೀಕರಣದ ಮೇಲಿನ ನಿಷೇಧವು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದೇ ತೀರ್ಪಿತ್ತಿತು.