ನಿಮಗಿದು ಗೊತ್ತೇ? ಗೆದ್ದಿದ್ದು ಕುದುರೆ, ಶಾಭಾಸ್ ಯಾರಿಗೆ?

ನಮ್ಮ ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳಲ್ಲಿ ಕುದುರೆಗಳು ಸಮತಟ್ಟು ನೆಲದ ಮೇಲೆ ಓಡುತ್ತವೆ. ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ ಇನ್ನೊಂದು ಬಗೆಯ ರೇಸ್ ಇದೆ. ಅಲ್ಲಿ ಕುದುರೆ ಬೇಲಿ ಹಾರುತ್ತಾ ಓಡಬೇಕು! ಲಿವರ್‌ಪೂಲ್‌ನ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಂತೂ ಒಟ್ಟು 30 ಬೇಲಿ, ನಾಲ್ಕು ಮೈಲಿಗೂ ಹೆಚ್ಚು ದೂರ!

ಈ ಜಂಪ್ ಕುದುರೆಗಳಲ್ಲಿ ಹೆಚ್ಚಿನವು ಬೀಜ ತೆಗೆಸಿದವು. ಎಷ್ಟು ಕಪ್ ಗೆದ್ದರೂ ಅವುಗಳಿಂದ ಮರಿ ಹಾಕಿಸಿ ಕಾಸು ಮಾಡುವಂತಿಲ್ಲ. ಆದರೂ ಸಿರಿವಂತರು ಇವಕ್ಕೆ ಹಣ ಸುರಿಯುತ್ತಾರೆ. ಬರೀ ಗೆಲುವಿನ ಆಸೆಗೆ!

ಹಾಗಾದರೆ ಗೆಲುವಿನ ಕೀರ್ತಿ ಯಾರದು? ಕುದುರೆ ಪಳಗಿಸಿದ ಟ್ರೇನರ್‌ದೋ, ದುಡ್ಡು ಹಾಕಿದ ಮಾಲೀಕರದೋ? ಉತ್ತರ ಹುಡುಕುತ್ತಾ ಹೋದರೆ ಬೆರಗಿನ ಮೇಲೆ ಬೆರಗು!

ಮೊದಲು ಡೊರೊಥಿ ಪ್ಯಾಜೆಟ್ ಅವರ ಕತೆ ಕೇಳಿ. ಅಪ್ಪ ಇಂಗ್ಲೆಂಡಿನ ಲಾರ್ಡ್, ಅಮ್ಮ ಅಮೆರಿಕದ ಆಗರ್ಭ ಶ್ರೀಮಂತ ಮನೆತನದವರು. ಈಕೆ ಹಗಲೆಲ್ಲ ಮಲಗಿ ರಾತ್ರಿ ಎದ್ದಿರುತ್ತಿದ್ದರು. ಎದ್ದ ಮೇಲೆ, ಆಗಲೇ ಓಡಿ ಮುಗಿದ ರೇಸಿನ ಮೇಲೆ ಬಾಜಿ ಕಟ್ಟುತ್ತಿದ್ದರು! ಬುಕ್ಕಿ ಅದನ್ನೂ ಒಪ್ಪುತ್ತಿದ್ದ. ಆಕೆ ಫಲಿತಾಂಶ ನೋಡಿರುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ!

ಆಕೆಯ ಚಿನ್ನದಂಥ ಕುದುರೆ ಗೋಲ್ಡನ್ ಮಿಲ್ಲರ್. ಟ್ರೇನರ್ ಬೇಸಿಲ್ ಬ್ರಿಸ್ಕೋ ಅದನ್ನು ಎಳೆಯದಾಗಿದ್ದಾಗ ಕಣ್ಣಲ್ಲೂ ನೋಡದೆ ಕೊಂಡಿದ್ದರು. ಲಾಯಕ್ಕೆ ಬಂದಾಗ ಅದರ ಅವತಾರ ನೋಡಿ ಅವರಿಗೇ ನಿರಾಸೆಯಾಗಿತ್ತು. ಅದೇ ಕುದುರೆ 1932ರಿಂದ 1936ರವರೆಗೆ ಸತತ ಐದು ಬಾರಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಎಂಬ ದೊಡ್ಡ ಜಂಪ್ ರೇಸನ್ನು ಗೆದ್ದಿತು!

1934ರಲ್ಲಿ ಅದು ಗೋಲ್ಡ್ ಕಪ್ ಗೆದ್ದು, ಅದೇ ತಿಂಗಳು ಗ್ರ್ಯಾಂಡ್ ನ್ಯಾಷನಲ್ಲನ್ನೂ ಗೆದ್ದಿತು. ಒಂದೇ ವರ್ಷ ಇವೆರಡನ್ನೂ ಗೆದ್ದ ಇನ್ನೊಂದು ಕುದುರೆ ಇವತ್ತಿಗೂ ಹುಟ್ಟಿಲ್ಲ!

ಬ್ರಿಸ್ಕೋ ಬಳಿ ಪ್ಯಾಜೆಟ್ ಅವರ ಇನ್ನೊಂದು ಕುದುರೆಯೂ ಇತ್ತು. ಅದರ ಹೆಸರು ಇನ್ಶೂರೆನ್ಸ್! 1932, 1933ರ ಚಾಂಪಿಯನ್ ಹರ್ಡಲ್ ಎಂಬ ಜಂಪ್ ರೇಸಿನ ಗೆಲುವು ಅದರದೇ. ದೊಡ್ಡ ಸಾಧನೆ ಅಲ್ಲವೇ? ಆದರೆ 1932ರ ಆ ರೇಸಿನಲ್ಲಿ ಓಡಿದ್ದು ಮೂರೇ ಕುದುರೆ! ಗೆದ್ದವರ ಪಟ್ಟಿಯಲ್ಲಿ ಗೆಲುವು ಮಾತ್ರ ಕಾಣುತ್ತದೆ, ಎದುರಾಳಿಗಳ ತಲೆ ಎಣಿಕೆ ಕಾಣುವುದಿಲ್ಲ.

ಇನ್ನು 1935. ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಎಲ್ಲರ ದುಡ್ಡೂ ಗೋಲ್ಡನ್ ಮಿಲ್ಲರ್ ಮೇಲೆ. ನಡುದಾರಿಯಲ್ಲೇ ಜಾಕಿ ಕೆಳಗೆ! ಮರುದಿನ ಅದನ್ನೇ ಮತ್ತೊಂದು ರೇಸಿಗೆ ಇಳಿಸಿದರು. ಮೊದಲ ಬೇಲಿಯಲ್ಲೇ ಜಾಕಿ ಮತ್ತೆ ನೆಲಕ್ಕೆ! ಮಾಲಕಿಗೂ ಟ್ರೇನರ್‌ಗೂ ಜಗಳ ಹತ್ತಿ, ಕುದುರೆ ಬೇರೆ ಲಾಯ ಸೇರಿತು. ನಾಲ್ಕು ವರ್ಷದಲ್ಲಿ ನಾಲ್ಕು ಗೋಲ್ಡ್ ಕಪ್, ಒಂದು ನ್ಯಾಷನಲ್, ಎರಡು ಚಾಂಪಿಯನ್ ಹರ್ಡಲ್ ತಂದುಕೊಟ್ಟ ಬ್ರಿಸ್ಕೋ ಕೈ ಖಾಲಿ! ಬ್ರಿಸ್ಕೋ ಅವರನ್ನು ನೆನೆದರೆ ನನಗಂತೂ ಕರುಳು ಚುರುಕ್ ಅನ್ನುತ್ತದೆ.

ಐದನೇ ಗೋಲ್ಡ್ ಕಪ್ ಮಾತ್ರ ಹೊಸ ಟ್ರೇನರ್ ಓವನ್ ಆಂಟನಿ ಹೆಸರಿಗೆ ಬಿತ್ತು. ಕುದುರೆ ಅದೇ, ಮಾಲಕಿ ಅವರೇ, ದಾಖಲೆ ಇಬ್ಬರದು!

ಎರಡನೇ ಮಹಾಯುದ್ಧದ ನಂತರ ಪ್ಯಾಜೆಟ್ ಅವರ ಕುದುರೆಗಳು ಟ್ರೇನರ್ ಫುಲ್ಕ್ ವಾಲ್ವಿನ್ ಬಳಿ ಬಂದವು. 1948ರ ಸೆಪ್ಟೆಂಬರಿನಲ್ಲಿ ಫೋಕ್‌ಸ್ಟನ್ ರೇಸ್ ಕೋರ್ಸ್‌ನಲ್ಲಿ ಒಂದೇ ದಿನ ಆಕೆಗೆ ಐದು ಗೆಲುವು! ಈ ವಾಲ್ವಿನ್ ಸಾಮಾನ್ಯರಲ್ಲ. 1936ರಲ್ಲಿ ಗ್ರ್ಯಾಂಡ್ ನ್ಯಾಷನಲ್ಲನ್ನು ಜಾಕಿಯಾಗಿ ಗೆದ್ದವರು, 1964ರಲ್ಲಿ ಟ್ರೇನರ್ ಆಗಿ ಗೆದ್ದರು!

ಅವರದೇ ಲಾಯದ ಮ್ಯಾಂಡರಿನ್, ಬ್ರಾಂದಿಗೆ ಹೆಸರಾದ ಹೆನ್ನೆಸ್ಸಿ ಮನೆತನದ ಕುದುರೆ. 1962ರಲ್ಲಿ ಪ್ಯಾರಿಸ್‌ನ ದೊಡ್ಡ ರೇಸು. ಆರಂಭದಲ್ಲೇ ಬಾಯೊಳಗಿನ ಕಡಿವಾಣ ಮುರಿಯಿತು! ಹಿಡಿತವೇ ಇಲ್ಲ. ಜಾಕಿ ಫ್ರೆಡ್ ವಿಂಟರ್ ಬರೀ ಕಾಲಿನಿಂದ, ಮೈ ವಾಲಿಸಿ ದಾರಿ ತೋರಿಸಿದರು. ಕೊನೆಯ ಹೊತ್ತಿಗೆ ಕುದುರೆಯ ಕಾಲೂ ಕೈಕೊಟ್ಟಿತು. ಆದರೂ ಗೆದ್ದಿತು! ಇಲ್ಲಿ ಶಾಭಾಸ್ ಯಾರಿಗೆ ಕೊಡುತ್ತೀರಿ, ನೀವೇ ಹೇಳಿ!

ಇನ್ನು ಟ್ರೇನರ್ ಟಾಮ್ ಡ್ರೀಪರ್ ಪಳಗಿಸಿದ ಆರ್ಕಲ್ ಎಂಬ ಕುದುರೆ 35 ರೇಸಿನಲ್ಲಿ 27 ಗೆದ್ದಿತು. ಗ್ರ್ಯಾಂಡ್ ನ್ಯಾಷನಲ್? ಒಮ್ಮೆಯೂ ಓಡಲೇ ಇಲ್ಲ! ಮಾಲಕಿ ವೆಸ್ಟ್‌ಮಿನ್‌ಸ್ಟರ್ ಡಚೆಸ್ ಆ್ಯನ್ ಅವರಿಗೆ ಕುದುರೆಗೆ ಪೆಟ್ಟಾದೀತೆಂಬ ಭಯ. ಬಿಡಲಿಲ್ಲ!

1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಇಂಗ್ಲೆಂಡಿನ ರಾಜಮಾತೆಯ ಕುದುರೆ ಡೆವನ್ ಲಾಕ್ ಕಡೆಯ ಬೇಲಿ ದಾಟಿ ಎಲ್ಲರಿಗಿಂತ ಮುಂದಿತ್ತು. ಗೆರೆಗೆ ಸುಮಾರು 50 ಗಜ ಬಾಕಿ. ದಿಢೀರನೆ ಹೊಟ್ಟೆಯ ಮೇಲೆ ಕುಸಿಯಿತು! ಕಾರಣ ಇವತ್ತಿಗೂ ಒಗಟು. ಟ್ರೇನರ್ ಪೀಟರ್ ಕ್ಯಾಝಲೆಟ್ ಆ ರೇಸನ್ನು ಕೊನೆಗೂ ಗೆಲ್ಲಲಿಲ್ಲ. ಜಾಕಿ ಡಿಕ್ ಫ್ರಾನ್ಸಿಸ್ ಮುಂದೆ ಪತ್ತೇದಾರಿ ಕಾದಂಬರಿ ಬರೆದು ಲೋಕಪ್ರಸಿದ್ಧರಾದರು!

ಟ್ರೇನರ್‌ನ ಲಾಯವೇ ಮಾಲೀಕರದಾದರೆ? ಐರ್ಲೆಂಡಿನ ಸಿರಿವಂತ ಮಾಲೀಕ ಜೆ.ಪಿ. ಮೆಕ್‌ಮ್ಯಾನಸ್ 2001ರಲ್ಲಿ ಜಾಕ್‌ಡಾಸ್ ಕ್ಯಾಸಲ್ ಎಂಬ ಇಡೀ ಲಾಯವನ್ನೇ ಕೊಂಡು, ಜೋಂಜೋ ಓ'ನೀಲ್ ಅವರನ್ನು ಅಲ್ಲಿ ಟ್ರೇನರ್ ಆಗಿ ಕೂರಿಸಿದರು! ಜಾಕಿಯಾಗಿದ್ದಾಗ ಜೋಂಜೋ ಗ್ರ್ಯಾಂಡ್ ನ್ಯಾಷನಲ್ಲನ್ನು ಒಮ್ಮೆಯೂ ಓಡಿ ಮುಗಿಸಿರಲಿಲ್ಲ. 2010ರಲ್ಲಿ ಟ್ರೇನರ್ ಆಗಿ ಗೆದ್ದೇಬಿಟ್ಟರು, ಮೆಕ್‌ಮ್ಯಾನಸ್‌ರ ಕುದುರೆ ಡೋಂಟ್ ಪುಶ್ ಇಟ್ ಮೂಲಕ!

ಸಿರಿವಂತ ಮಾಲೀಕ ಕೈಬಿಟ್ಟರೆ ಟ್ರೇನರ್ ಮುಳುಗಿದ ಹಾಗೇ ಎನ್ನುತ್ತೀರಾ? 2016ರಲ್ಲಿ ರಯಾನ್‌ಏರ್ ವಿಮಾನ ಕಂಪನಿಯ ಮೈಕಲ್ ಓ'ಲಿಯರಿ, ಟ್ರೇನರ್ ವಿಲ್ಲಿ ಮಲಿನ್ಸ್ ಲಾಯದಿಂದ ಒಂದೇ ಸಲ ತಮ್ಮ 60 ಕುದುರೆ ಹೊರಡಿಸಿದರು. ತರಬೇತಿಯ ಶುಲ್ಕ ಏರಿಸಿದ್ದೇ ತಕರಾರು. ಆ ಋತು ಮುಗಿದಾಗ ಐರ್ಲೆಂಡಿನ ಚಾಂಪಿಯನ್ ಟ್ರೇನರ್ ಯಾರು ಗೊತ್ತೇ? ಅದೇ ಮಲಿನ್ಸ್!

ಕೊನೆಯದಾಗಿ ಇದನ್ನು ಕೇಳಿ. ಗೋಲ್ಡನ್ ಮಿಲ್ಲರ್ ಅನ್ನು ಹುಟ್ಟಿಸಿ ಬೆಳೆಸಿದವರು ಐರ್ಲೆಂಡಿನ ಲಾರೆನ್ಸ್ ಗೆರಾಟಿ. ಅವರ ಮೊಮ್ಮಗ ಬ್ಯಾರಿ ಗೆರಾಟಿ ಜಾಕಿಯಾದರು, ಮೆಕ್‌ಮ್ಯಾನಸ್‌ರ ಕುದುರೆಗಳನ್ನೂ ಓಡಿಸಿದರು. 2003ರಲ್ಲಿ ಗ್ರ್ಯಾಂಡ್ ನ್ಯಾಷನಲ್, 2005ರಲ್ಲಿ ಗೋಲ್ಡ್ ಕಪ್ ಗೆದ್ದರು. ತಾತನ ಕುದುರೆ ಗೆದ್ದ ಅವೇ ಎರಡು ರೇಸು!